ನಮ್ಮೂರ ಹಾಲ್ಟಿಂಗ್ ಬಸ್ಸಿಗೆ ನೂರಕ್ಕೆ ಅರವತ್ತೆಂಟು

ರಾತ್ರಿ ಎಂಟೂ ಹತ್ತರ ಹೊತ್ತಿಗೆ ನಮ್ಮೂರ ಕೆರೆ ಏರಿ ಮೇಲೆ ಎರಡು ಲೈಟು ಕಂಡರೆ ಬಸ್ಸು ಬಂತು ಅಂತ ಅರ್ಥ. ಒಂದೇ ಲೈಟು ಕಂಡರೂ ಬಸ್ಸೇ. ಎಡಗಡೆ ಲೈಟು ಹೋಗಿ ಮೂರು ತಿಂಗಳಾಯಿತು.

ಇದು ಆ ಬಸ್ಸಿನ ವಿಮರ್ಶೆ. ಹೋಟೆಲ್ಲಿನ ದೋಸೆಗೆ, ಮಿಕ್ಸಿಗೆ, ಮೊಬೈಲಿಗೆ ಜನ ನಕ್ಷತ್ರ ಕೊಡುವುದನ್ನು ನೋಡಿದ್ದೇನೆ. ನನಗೆ ನಕ್ಷತ್ರ ಕೊಟ್ಟು ಅಭ್ಯಾಸವಿಲ್ಲ. 34 ವರ್ಷ ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು, ಅಂಕ ಕೊಡುತ್ತೇನೆ. ನೂರಕ್ಕೆ ಅರವತ್ತೆಂಟು. ಫಸ್ಟ್ ಕ್ಲಾಸೇ. ಆದರೆ ‘ಮನಸ್ಸು ಮಾಡಿದರೆ ಇನ್ನೂ ಜಾಸ್ತಿ ತೆಗೆಯುತ್ತಾನೆ’ ಅಂತ ಷರಾ ಬರೆಸಿಕೊಳ್ಳುವ ಹುಡುಗರ ಪೈಕಿ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮ ಡ್ರೈವರಿಗೆ ಮೆಮೋ ಬರುತ್ತದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ತುಮಕೂರು ಜಿಲ್ಲೆಯ ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂತಿಟ್ಟುಕೊಳ್ಳಿ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಯಾವುದಾದರೂ ಆಗಬಹುದು. ಡಿಸಿ ಆಫೀಸಿನ ಲೆಕ್ಕದಲ್ಲಿ ತುಮಕೂರು ಒಂದೇ ಜಿಲ್ಲೆ, ನಮ್ಮ ಸ್ಕೂಲಿನವರ ಲೆಕ್ಕದಲ್ಲಿ ಎರಡು.

ಸರ್ವಿಸ್ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಕೆಂಪು ಬಸ್ಸು. ಬೆಳಿಗ್ಗೆ ಆರೂಕಾಲಿಗೆ ಊರು ಬಿಟ್ಟು ತಾಲ್ಲೂಕಿನ ಮೇಲೆ ತುಮಕೂರಿಗೆ ಹೋಗುತ್ತದೆ. ರಾತ್ರಿ ಎಂಟೂ ಹತ್ತಕ್ಕೆ ಬಂದು ಹುಣಸೆಮರದ ಕೆಳಗೆ ಮಲಗುತ್ತದೆ. ಮಧ್ಯಾಹ್ನ ಇನ್ನೊಂದು ಟ್ರಿಪ್ ಇತ್ತು. ಕೊರೊನಾದಲ್ಲಿ ನಿಂತಿದ್ದು ನಿಂತೇ ಹೋಯಿತು. ಅಂದರೆ ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು. ತಪ್ಪಿಸಿಕೊಂಡರೆ ನಾಲ್ಕು ಕಿಲೋಮೀಟರ್ ದೂರದ ಗೇಟಿಗೆ ಹೋಗಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅಲ್ಲಿ ಗೇಟು ಗೀಟು ಏನೂ ಇಲ್ಲ. ಮೇನ್ ರೋಡಿನಿಂದ ಊರಿನ ದಾರಿ ಒಡೆಯುವ ಜಾಗಕ್ಕೆ ನಮ್ಮ ಕಡೆ ಗೇಟ್ ಅನ್ನುತ್ತಾರೆ. ಒಂದು ಟೀ ಅಂಗಡಿ, ಒಂದು ಪಂಕ್ಚರ್ ಅಂಗಡಿ, ಮೂರು ಆಟೋ. ಏಳು ಗಂಟೆ ಮೇಲೆ ಆಟೋದವರು ಊರಿಗೆ ಬರುವುದಕ್ಕೆ ಒಪ್ಪುವುದಿಲ್ಲ. ಒಪ್ಪಿದರೆ ಅವರು ಕೇಳುವ ದುಡ್ಡಿನಲ್ಲಿ ತುಮಕೂರಿಗೆ ಹೋಗಿ ಬರಬಹುದು.

ಈಗ ಹಾಲ್ಟಿಂಗ್ ವಿಷಯ. ನೂರು ಅಂಕದಲ್ಲಿ ದೊಡ್ಡ ಪಾಲು ಇದಕ್ಕೇ.

ನಮ್ಮ ಪಕ್ಕದೂರಿಗೂ ಬಸ್ಸಿದೆ. ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತದೆ, ಹತ್ತು ನಿಮಿಷ ನಿಲ್ಲುತ್ತದೆ, ಹೋಗುತ್ತದೆ. ಮತ್ತೆ ನಾಲ್ಕಕ್ಕೆ ಬರುತ್ತದೆ, ಹೋಗುತ್ತದೆ. ಲೆಕ್ಕ ಹಾಕಿದರೆ ನಮಗಿಂತ ಅವರಿಗೇ ಟ್ರಿಪ್ ಜಾಸ್ತಿ. ಆದರೆ ಹನ್ನೊಂದು ಗಂಟೆ ಬಸ್ಸು ಹತ್ತಿ ಯಾವ ಕೆಲಸಕ್ಕೆ ಹೋಗುತ್ತೀರಿ? ಯಾವ ಕಾಲೇಜಿಗೆ ಹೋಗುತ್ತೀರಿ? ಆಸ್ಪತ್ರೆಗೆ ಹೋದರೆ ಚೀಟಿ ಕೊಡುವ ಕಿಟಕಿ ಮುಚ್ಚುವ ಹೊತ್ತಿಗೆ ತಲುಪುತ್ತೀರಿ. ಆ ಬಸ್ಸು ಏನಿದ್ದರೂ ತಿಥಿಗೆ, ಮದುವೆಗೆ, ಬೀಗರ ಮನೆಗೆ. ನಮ್ಮ ಬಸ್ಸು ಊರಿನಲ್ಲೇ ಮಲಗುತ್ತದೆ. ಅದಕ್ಕೇ ನಮ್ಮೂರಿನವರು ತುಮಕೂರಿನಲ್ಲಿ ದುಡಿದು ನಮ್ಮೂರಿನಲ್ಲೇ ಮಲಗಬಹುದು. ಬಸ್ಸು ಎಷ್ಟು ಸಲ ಬರುತ್ತದೆ ಅನ್ನುವುದಕ್ಕಿಂತ ಎಲ್ಲಿ ಮಲಗುತ್ತದೆ ಅನ್ನುವುದು ಮುಖ್ಯ.

ಜನಗಣತಿ ಪುಸ್ತಕದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಜಿಲ್ಲಾ ಕೈಪಿಡಿ ಅಂತ ಬರುತ್ತದಲ್ಲ, ಅದರಲ್ಲಿ ಪ್ರತಿ ಊರಿನ ಎದುರಿಗೆ ಸ್ಕೂಲು, ಆಸ್ಪತ್ರೆ, ಪೋಸ್ಟಾಫೀಸು, ಬಸ್ಸು ಅಂತ ಕಾಲಂ ಇರುತ್ತದೆ. ಬಸ್ಸು ಇದೆಯಾ, ಇಲ್ಲವಾ. ಇಲ್ಲದಿದ್ದರೆ ಎಷ್ಟು ದೂರ: 5 ಕಿಲೋಮೀಟರ್ ಒಳಗಾದರೆ ‘ಎ’, 5ರಿಂದ 10 ಆದರೆ ‘ಬಿ’, ಅದಕ್ಕಿಂತ ಜಾಸ್ತಿಯಾದರೆ ‘ಸಿ’. ಅಷ್ಟೇ. ಪಕ್ಕದೂರಿನದೂ ‘ಇದೆ’, ನಮ್ಮದೂ ‘ಇದೆ’. ಇಬ್ಬರೂ ಪಾಸು.

ಈ ಪುಸ್ತಕದ ಮೇಲೆ ನನಗೆ ಸ್ವಲ್ಪ ಸಿಟ್ಟೂ ಇದೆ, ಸಲಿಗೆಯೂ ಇದೆ. ಯಾಕೆಂದರೆ 2011ರಲ್ಲಿ ನಮ್ಮೂರಲ್ಲಿ ಮನೆಮನೆಗೆ ಹೋಗಿ ತಲೆ ಎಣಿಸಿದವನು ನಾನೇ. ಫೆಬ್ರವರಿ 9ರಿಂದ 28ರವರೆಗೆ. ಸ್ಕೂಲು ಮುಗಿಸಿಕೊಂಡು ಹೆಗಲಿಗೆ ಚೀಲ ಹಾಕಿಕೊಂಡು ಸಂಜೆ ಹೊರಡುತ್ತಿದ್ದೆ. ನನ್ನ ಬ್ಲಾಕಿನಲ್ಲಿ ಆರು ನೂರು ಚಿಲ್ಲರೆ ಜನ. ಆಗ ಇಡೀ ತುಮಕೂರು ಜಿಲ್ಲೆ 26,78,980. ಆ ಕೊನೆಯ ಎಂಬತ್ತರಲ್ಲಿ ನಾನು ಬರೆದವರೂ ಇದ್ದಾರೆ ಅಂತ ಮಕ್ಕಳಿಗೆ ಹೇಳಿ ನಗಿಸುತ್ತಿದ್ದೆ.

ಆ ಇಪ್ಪತ್ತು ದಿನದಲ್ಲಿ ಒಂದು ದಿನವೂ ಮನೆಯಲ್ಲಿ ಇರದವರನ್ನು ಆ ಮನೆಯ ಲೆಕ್ಕಕ್ಕೆ ಸೇರಿಸುವ ಹಾಗಿರಲಿಲ್ಲ. ಕೆಳಗಿನ ಬೀದಿಯಲ್ಲಿ ಹೂವಿನ ಅಜ್ಜಿ ಅಂತ ಒಬ್ಬರು. ಅವರ ಮಗ ಪೀಣ್ಯದಲ್ಲಿ ಕೆಲಸಕ್ಕೆ ಹೋಗಿ ಅಲ್ಲೇ ರೂಮು ಮಾಡಿದ್ದ. ನಾನು ಅಜ್ಜಿಯ ಹೆಸರು, ಮಗಳ ಹೆಸರು, ಮಗಳ ಮಗನ ಹೆಸರು ಬರೆದು ಪೆನ್ನಿನ ಕ್ಯಾಪು ಹಾಕಿದೆ.

“ನನ್ ಮಗನ್ದು?”

“ಅವನು ಬೆಂಗಳೂರಲ್ಲಿದ್ದಾನಲ್ಲಜ್ಜಿ. ಅಲ್ಲಿ ಬರ್ಕೋತಾರೆ.”

“ಅಲ್ಲಿ ಯಾರು ಬರ್ಕತಾರೆ? ಬಾಗ್ಲಿಗೆ ಬೀಗ ಹಾಕ್ಕಂಡು ಕೆಲ್ಸಕ್ಕೆ ಹೋಗಿರ್ತಾನೆ. ಇಲ್ಲೇ ಬರ್ಕಳಿ ಮೇಷ್ಟ್ರೇ. ಅವ್ನ ಹಾಸ್ಗೆ ಇಲ್ಲೇ ಐತೆ, ನೋಡಿ.”

ಅಟ್ಟದ ಮೇಲೆ ಸುತ್ತಿಟ್ಟ ಹಾಸಿಗೆ ತೋರಿಸಿದರು. ಅದಕ್ಕೆ ಹಳೇ ಸೀರೆ ಸುತ್ತಿ, ಇಲಿ ಕಡಿಯದ ಹಾಗೆ ಹಗ್ಗ ಬಿಗಿದು ಸೂರಿಗೆ ನೇತು ಹಾಕಿದ್ದರು. ನಾನು ಬರೆದುಕೊಳ್ಳಲಿಲ್ಲ. ಅಜ್ಜಿ ಒಂದು ವಾರ ಮಾತಾಡಿಸಲಿಲ್ಲ.

ಅಜ್ಜಿ ಈಗಲೂ ಇದ್ದಾರೆ, ಆರೂಕಾಲರ ಬಸ್ಸಿನ ಖಾಯಂ ಗಿರಾಕಿ. ಕನಕಾಂಬರದ ಚೀಲ ಹೊತ್ತು ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗುತ್ತಾರೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಹೂವಿನ ಗಂಟನ್ನು ತೊಡೆ ಮೇಲೆ ಇಟ್ಟುಕೊಂಡು ಎಡಗಡೆ ಮೂರನೇ ಸೀಟಿನಲ್ಲಿ ಕೂರುತ್ತಾರೆ. ಬೇರೆಯವರು ಅಲ್ಲಿ ಕೂತರೆ ಕಂಡಕ್ಟರೇ ಎಬ್ಬಿಸುತ್ತಾರೆ. ಈ ಅಜ್ಜಿ ಬರುವುದು ಎರಡು ನಿಮಿಷ ತಡವಾದರೆ ಡ್ರೈವರು ಇಂಜಿನ್ ಆನ್ ಮಾಡಿಕೊಂಡು ಕಾಯುತ್ತಾರೆ. ಹೆಸರು ಹೇಳಿದರೆ ಮೆಮೋ ಬರುತ್ತದೆ ಅಂದೆನಲ್ಲ, ಇದಕ್ಕೇ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಅಜ್ಜಿ ಆಧಾರ್ ಕಾರ್ಡು ತೋರಿಸುತ್ತಾರೆ, ಮಷೀನು ಕಿರ್ ಅನ್ನುತ್ತದೆ, ಸೊನ್ನೆ ರೂಪಾಯಿ ಟಿಕೆಟು ಬರುತ್ತದೆ. ಅಜ್ಜಿ ಅದನ್ನು ಎಸೆಯುವುದಿಲ್ಲ. ಉದ್ದಕ್ಕೆ ಎರಡು ಮಡಿಕೆ ಮಾಡಿ ಎಲೆ ಅಡಿಕೆ ಸಂಚಿಯ ಒಳಗಿನ ಪದರಕ್ಕೆ ತುರುಕುತ್ತಾರೆ. ಒಂದು ಸಲ ಸಂಚಿ ಬಿಚ್ಚಿದಾಗ ನೋಡಿದೆ. ಟಿಕೆಟ್ಟಿನ ಕಟ್ಟು ಹೆಬ್ಬೆರಳಿನಷ್ಟು ದಪ್ಪ ಇತ್ತು. ಸುಣ್ಣ ಹತ್ತಿ ಕೆಲವು ಅಂಟಿಕೊಂಡಿದ್ದವು. ಮಷೀನಿನ ಅಕ್ಷರ ಆಗಲೇ ಮಾಸಿಹೋಗಿತ್ತು.

“ಯಾಕಜ್ಜಿ ಇಟ್ಕೊಂಡಿದ್ದೀರಿ?”

“ನಾಳೆ ಯಾರಾದ್ರೂ ಕೇಳಿದ್ರೆ? ಸುಮ್ನೆ ಓಡಾಡವ್ಳೆ ಅಂದ್ಬಿಟ್ರೆ? ಲೆಕ್ಕ ಇರ್ಲಿ.”

ಲೆಕ್ಕದ ವಿಷಯದಲ್ಲಿ ಅಜ್ಜಿ ನನಗಿಂತ ಹುಷಾರು. ಸೊನ್ನೆ ಟಿಕೆಟು ಬರುವ ಮುಂಚೆ ನಮ್ಮೂರ ಹೆಂಗಸರು ವಾರಕ್ಕೊಮ್ಮೆ ಒಬ್ಬರ ಕೈಯಲ್ಲಿ ನಾಲ್ಕು ಮನೆಯ ಹೂವು ಕಳಿಸುತ್ತಿದ್ದರು. ಟಿಕೆಟು ಒಂದೇ ಆಗುತ್ತಿತ್ತು. ಬಸ್ಸು ಖಾಲಿ ಹೊಡೆಯುತ್ತದೆ, ಕಲೆಕ್ಷನ್ ಇಲ್ಲ ಅಂತ ಮಾತು ಬರುತ್ತಿತ್ತು. ಈಗ ನಾಲ್ಕು ಮನೆಯವರೂ ಹತ್ತುತ್ತಾರೆ. ಮಷೀನಿನಲ್ಲಿ ತಲೆ ಲೆಕ್ಕ ಏರಿದೆ. ಜನ ಮೊದಲೂ ಇದ್ದರು, ಮಷೀನಿಗೆ ಕಾಣುತ್ತಿರಲಿಲ್ಲ. ಗಂಡಸರು ಸೀಟು ಸಿಗುವುದಿಲ್ಲ ಅಂತ ಗೊಣಗುತ್ತಾರೆ, ನಿಜ. ನಾನೂ ಕೊನೆಯ ಅರ್ಧ ಗಂಟೆ ಕಂಬಿ ಹಿಡಿದು ನಿಂತದ್ದಿದೆ. ಮಂಡಿ ನೋವು. ಆದರೂ ತುಂಬಿದ ಬಸ್ಸನ್ನು ನಿಲ್ಲಿಸುವುದು ಅಷ್ಟು ಸುಲಭ ಅಲ್ಲ ಅನ್ನುವ ಧೈರ್ಯಕ್ಕೆ ಮಂಡಿ ನೋವು ತಡೆದುಕೊಳ್ಳಬಹುದು. ಮತ್ತೆ ಟಿಕೆಟ್ ದರ 2025ರ ಜನವರಿ 5ರಿಂದ ಶೇ. 15 ಜಾಸ್ತಿಯಾಗಿದೆ. ಅದನ್ನು ಕೊಡುತ್ತಿರುವವರು ನಾವೇ, ಗಂಡಸರು. ಗೊಣಗುವ ಹಕ್ಕು ಇಷ್ಟಾದರೂ ಇರಲಿ.

ಬಸ್ಸು ಊರಲ್ಲಿ ಮಲಗದಿದ್ದರೆ ಏನಾಗುತ್ತದೆ ಅನ್ನುವುದು ನಮಗೆ ಗೊತ್ತು. ಕೊರೊನಾ ಆದ ಮೇಲೆ ಎರಡು ವರ್ಷದ ಹತ್ತಿರ ಹಾಲ್ಟಿಂಗ್ ಇರಲಿಲ್ಲ. ಹಗಲು ಬಂದು ಹೋಗುತ್ತಿತ್ತು. ಪುಸ್ತಕದಲ್ಲಿ ಆಗಲೂ ‘ಇದೆ’. ಆ ಎರಡು ವರ್ಷದಲ್ಲಿ ನಮ್ಮ ಬೀದಿಯಿಂದಲೇ ಮೂರು ಮನೆಯವರು ತುಮಕೂರಿಗೆ ಬಾಡಿಗೆಗೆ ಹೋದರು. ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಮೊದಲು ಒಬ್ಬನೇ ಹೋದ. ಊಟಕ್ಕೆ ಕಷ್ಟ ಅಂತ ಆಮೇಲೆ ಹೆಂಡತಿ ಹೋದಳು. ಅವರ ಜೊತೆ ಒಂದನೇ ಕ್ಲಾಸಿನ ಮಗು ಹೋಯಿತು. ಸ್ಕೂಲಿನಲ್ಲಿ ಮಕ್ಕಳು ಕಡಿಮೆ ಆದರು. ಮಕ್ಕಳು ಕಡಿಮೆಯಾದರೆ ಮೇಷ್ಟ್ರ ಹುದ್ದೆ ಬೇರೆ ಕಡೆ ಹೋಗುತ್ತದೆ. ಮೇಷ್ಟ್ರು ಇಲ್ಲ ಅಂತ ಇನ್ನಿಬ್ಬರು ಟಿ.ಸಿ. ತಗೊಂಡರು. ಆಮೇಲೆ ಊರಲ್ಲಿ ಜನ ಇಲ್ಲ, ಬಸ್ಸು ಯಾಕೆ ಅಂತ ಕೇಳುತ್ತಾರೆ. ಹಾಲ್ಟಿಂಗ್ ವಾಪಸ್ ಬಂತು, ಆ ಮೂರು ಮನೆಯವರು ಬರಲಿಲ್ಲ. ಒಂದು ಮನೆಯ ಮುಂದೆ ಹುಲ್ಲು ಬೆಳೆದಿದೆ.

ಆದರೆ ಅಜ್ಜಿಯ ಮಗಳ ಮಗ ಉಳಿದ. 2011ರಲ್ಲಿ ನಾನು ಬರೆದುಕೊಂಡಾಗ ಎರಡನೇ ಕ್ಲಾಸು. ಈಗ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಆರೂಕಾಲಿಗೆ ಅಜ್ಜಿಯ ಜೊತೆ ಹತ್ತುತ್ತಾನೆ, ಹತ್ತಿದ ಕೂಡಲೇ ಕಿಟಕಿಗೆ ತಲೆ ಕೊಟ್ಟು ನಿದ್ದೆ. ರಾತ್ರಿ ಎಂಟೂ ಹತ್ತಕ್ಕೆ ಇಳಿಯುತ್ತಾನೆ.

ಬಸ್ಸಿನ ಸಿಬ್ಬಂದಿ ಬಗ್ಗೆ ಹೇಳದಿದ್ದರೆ ವಿಮರ್ಶೆ ಪೂರ್ತಿ ಆಗುವುದಿಲ್ಲ. ಇಬ್ಬರೂ ಭಜನೆ ಮನೆ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. ಊರಿನವರು ಕೊಟ್ಟಿರುವ ಕೋಣೆ. ಒಂದು ಫ್ಯಾನು, ಒಂದು ಕೊಡ ನೀರು, ಎರಡು ಚಾಪೆ. ಬೇಸಿಗೆಯಲ್ಲಿ ಕರೆಂಟು ಹೋದರೆ ಎದ್ದು ಬಂದು ಬಸ್ಸಿನ ಸೀಟಿನ ಮೇಲೆ ಮಲಗುತ್ತಾರೆ. ಹತ್ತಿರದಲ್ಲಿ ಶೌಚಾಲಯ ಇಲ್ಲ. ಇದು ಬಸ್ಸಿನವರ ತಪ್ಪಲ್ಲ, ನಮ್ಮೂರಿನ ತಪ್ಪು, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಮುದ್ದೆ ಬುತ್ತಿಯಲ್ಲಿ ತರುತ್ತಾರೆ. ಸಾರು ಮಾತ್ರ ಊರಿನದು. ಸೋಮವಾರ ಈ ಮನೆ, ಮಂಗಳವಾರ ಆ ಮನೆ ಅಂತ ಯಾರೂ ಬರೆದಿಟ್ಟಿಲ್ಲ, ಆದರೂ ತಪ್ಪುವುದಿಲ್ಲ. ಅವರೆಕಾಯಿ ಕಾಲದಲ್ಲಿ ಡ್ರೈವರಿಗೆ ಮೂರು ಮನೆಯಿಂದ ಸಾರು ಬಂದು, ಯಾರದ್ದು ಮೊದಲು ಊಟ ಮಾಡಬೇಕು ಅನ್ನುವ ಪೇಚಾಟ.

ಬಸ್ಸು ತಿರುಗಿಸುವುದನ್ನು ನೋಡಬೇಕು. ಅರಳೀಕಟ್ಟೆಗೂ ಹುಣಸೆಮರಕ್ಕೂ ಮಧ್ಯೆ ಬಸ್ಸಿನ ಉದ್ದಕ್ಕಿಂತ ನಾಲ್ಕು ಮೊಳ ಜಾಸ್ತಿ ಜಾಗ. ಕಂಡಕ್ಟರು ಹಿಂದೆ ನಿಂತು “ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್” ಅನ್ನುತ್ತಾರೆ. ಊರಿನ ಹುಡುಗರೂ ಅದನ್ನೇ ಕೂಗುತ್ತಾರೆ. ಯಾರ ಹೋಲ್ಡಾನ್ ನಿಜ, ಯಾರದ್ದು ತಮಾಷೆ ಅಂತ ಡ್ರೈವರಿಗೆ ಧ್ವನಿಯಲ್ಲೇ ಗೊತ್ತಾಗುತ್ತದೆ. ಹುಣಸೆಮರದ ತೊಗಟೆಯಲ್ಲಿ ಕೆಂಪು ಬಣ್ಣದ ಒಂದು ಗೆರೆ ಇದೆ. ಅದು ಹಿಂದಿನ ಡ್ರೈವರ ಕಾಲದ್ದು.

ಇನ್ನು ಗಾಡಿ. ಸೀಟಿನ ರೆಕ್ಸಿನ್ ಹರಿದು ನಾರು ಕಾಣುತ್ತದೆ. ಕೊನೆಯ ಸೀಟಿನಲ್ಲಿ ಕೂತರೆ ಕೆರೆ ಏರಿ ದಾಟುವಾಗ ತಲೆ ಮೇಲಕ್ಕೆ ತಾಗುತ್ತದೆ, ಉತ್ಪ್ರೇಕ್ಷೆ ಅಲ್ಲ. ಮಳೆ ಬಂದರೆ ಬಲಗಡೆ ನಾಲ್ಕನೇ ಕಿಟಕಿಯಲ್ಲಿ ನೀರು. ಲೈಟಿನ ಕಥೆ ಆಗಲೇ ಹೇಳಿದೆ. ಡಿಪೋಗೆ ಎರಡು ಸಲ ಹೇಳಿದ್ದಾರಂತೆ.

ಗೊಲ್ಲರಹಟ್ಟಿಯ ಮಾತು ಬೇರೆ. ಅದು ನಮ್ಮೂರಿನ ಮಜರೆ, ಎರಡು ಕಿಲೋಮೀಟರ್ ಒಳಗೆ. ಬಸ್ಸು ಅಲ್ಲಿಗೆ ಹೋಗುವುದಿಲ್ಲ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್‌ನಲ್ಲಿ ಶುರುವಾದಾಗ ಬಯಲು ಸೀಮೆಯಲ್ಲಿ 500 ಜನ ಇರುವ ಜನವಸತಿಗೆ ರಸ್ತೆ ಅಂತ ನಿಯಮ. ಹಟ್ಟಿಯಲ್ಲಿ ಅಷ್ಟು ಜನ ಇರಲಿಲ್ಲ. ಹಟ್ಟಿಯ ಹಿರಿಯರೊಬ್ಬರು ನನ್ನನ್ನು ಕಂಡಾಗಲೆಲ್ಲ “ಐನೂರಕ್ಕೆ ಇನ್ನೆಷ್ಟು ಕಮ್ಮಿ ಮೇಷ್ಟ್ರೇ?” ಅಂತ ಕೇಳುತ್ತಿದ್ದರು, ನಾನೇನೋ ಜೇಬಿನಲ್ಲಿ ಜನ ಇಟ್ಟುಕೊಂಡಿದ್ದೇನೆ ಅನ್ನುವ ಹಾಗೆ. ಆಮೇಲೆ ಬೇರೆ ಯಾವುದೋ ದುಡ್ಡಿನಲ್ಲಿ ಡಾಂಬರು ಬಿತ್ತು. ಬಸ್ಸು ಮಾತ್ರ ಹೋಗಲಿಲ್ಲ, ತಿರುಗಿಸಲು ಜಾಗ ಇಲ್ಲವಂತೆ. ನಮ್ಮ ಹುಣಸೆಮರ ನೋಡಿದವರು ಈ ಮಾತು ಹೇಳಬಾರದು. ಹಟ್ಟಿಯ ಹೆಣ್ಣುಮಕ್ಕಳು ಕಾಲೇಜಿಗೆ ಹೋಗಲು ಐದೂಮುಕ್ಕಾಲಿಗೇ ಮನೆ ಬಿಟ್ಟು, ಮೊಬೈಲ್ ಟಾರ್ಚ್ ಹಾಕಿಕೊಂಡು ನಡೆದು ಬರುತ್ತಾರೆ. ಜನಗಣತಿಯಲ್ಲಿ ಹಟ್ಟಿ ನಮ್ಮ ಕಂದಾಯ ಗ್ರಾಮದ ಒಳಗೇ ಸೇರುವುದರಿಂದ ಅವರಿಗೂ ಬಸ್ಸು ‘ಇದೆ’.

ಹಾಜರಿ. ಇದರಲ್ಲೇ ನಮ್ಮ ಬಸ್ಸು ಅಂಕ ಕಳೆದುಕೊಂಡದ್ದು. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆ. ಮೇಲೆ ನಮ್ಮ ಮನೆಯವರು ಹಾಲು ಬರೆಯುತ್ತಾರೆ, ಅದೇ ಚೌಕದ ಕೆಳಗೆ ನಾನು ಬಸ್ಸಿನ ಹಾಜರಿ ಬರೆಯುತ್ತೇನೆ. ಬಂದರೆ ‘ಹಾ’, ಬರದಿದ್ದರೆ ‘ಗೈ’. ಅಕ್ಟೋಬರ್‌ನಲ್ಲಿ 31 ರಾತ್ರಿಗೆ 25 ಹಾಜರು, 6 ಗೈರು. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಪರೀಕ್ಷೆಗೆ ಕೂರಿಸಲು ಶೇ. 75 ಸಾಕು, ಆ ಲೆಕ್ಕದಲ್ಲಿ ಪಾಸು. ಆದರೆ ಮಗು ಒಂದು ದಿನ ಬರದಿದ್ದರೆ ಒಂದೇ ಗೈರು. ಹಾಲ್ಟಿಂಗ್ ಬಸ್ಸು ಒಂದು ರಾತ್ರಿ ಬರದಿದ್ದರೆ ಮಾರನೇ ಬೆಳಿಗ್ಗೆಯೂ ಇಲ್ಲ. ಆ ದಿನದ ಹೂವು ಚೀಲದಲ್ಲೇ ಬಾಡುತ್ತದೆ. ಆರರಲ್ಲಿ ನಾಲ್ಕು ಗೈರು ಹಬ್ಬದ ಹಿಂದೆ ಮುಂದೆ. ಆಗ ಹಳ್ಳಿ ಗಾಡಿಗಳನ್ನು ಸ್ಪೆಷಲ್ ಅಂತ ದೊಡ್ಡ ಊರುಗಳಿಗೆ ಬಿಡುತ್ತಾರೆ. ಬೆಂಗಳೂರಿನಿಂದ ತಾಲ್ಲೂಕಿನವರೆಗೆ ಜನ ಸ್ಪೆಷಲ್ ಬಸ್ಸಿನಲ್ಲಿ ಬರುತ್ತಾರೆ. ಅಲ್ಲಿಂದ ಊರಿಗೆ ಬರುವ ಬಸ್ಸೇ ಆ ಸ್ಪೆಷಲ್ ಆಗಿರುತ್ತದೆ. ಇದನ್ನು ಯಾರಿಗೆ ವಿವರಿಸುವುದು? ಬಸ್ಸು ಬರುವುದಿಲ್ಲ ಅಂತ ಮುಂಚೆ ಹೇಳುವವರೂ ಇಲ್ಲ. ಗೇಟಿನ ಟೀ ಅಂಗಡಿಯವನು ಊರಿನ ವಾಟ್ಸಾಪ್ ಗುಂಪಿಗೆ “ಇವತ್ತು ಇಲ್ಲ” ಅಂತ ಹಾಕುತ್ತಾನೆ. ನಮ್ಮ ಪಾಲಿಗೆ ಅವನೇ ಕಂಟ್ರೋಲ್ ರೂಮು.

ಹಾಗಾಗಿ ಹಾಜರಿಗೆ 40ಕ್ಕೆ 25. ನಡವಳಿಕೆಗೆ 30ಕ್ಕೆ 28, ಉಳಿದ ಎರಡು ಯಾರಿಗೂ ಪೂರ್ತಿ ಕೊಡಬಾರದು ಅನ್ನುವ ನನ್ನ ಹಳೇ ಚಾಳಿಗೆ. ಗಾಡಿಯ ಸ್ಥಿತಿಗೆ 30ಕ್ಕೆ 15, ಅದೂ ಗ್ರೇಸ್ ಸೇರಿಸಿ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಅಂತ ಗೊತ್ತುಮಾಡಿದ್ದಾರೆ. ನಾನು ರಿಟೈರ್ ಆಗಿರುವುದರಿಂದ ಬೇರೆ ಯಾರೋ ಬರುತ್ತಾರೆ, ಬಹುಶಃ ಇದೇ ಬಸ್ಸಿನಲ್ಲಿ. ರಾತ್ರಿ ಎಂಟೂವರೆ ಮೇಲೆ ಬಂದು ಬರೆದುಕೊಳ್ಳಿ, ಆಗ ಎಲ್ಲರೂ ಸಿಗುತ್ತಾರೆ ಅಂತ ಹೇಳಿಕೊಡಬೇಕು.

ಹೊಸಬರು ಬರುವುದಾದರೆ ಚಿಲ್ಲರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಬಾಕಿಯನ್ನು ಟಿಕೆಟ್ ಹಿಂದೆ ಬರೆದು ಕೊಡುತ್ತಾರೆ, ಇಳಿಯುವಾಗ ನೀವೇ ನೆನಪು ಮಾಡಬೇಕು. ಎಡಗಡೆ ಮೂರನೇ ಸೀಟು ಬೇಡ. ಬಲಗಡೆ ನಾಲ್ಕು ಮಳೆಗಾಲದಲ್ಲಿ ಬೇಡ.

ಇಷ್ಟು ಬರೆಯುವ ಹೊತ್ತಿಗೆ ಎಂಟೂ ಮೂವತ್ತೈದು ಆಯಿತು. ಕೆರೆ ಏರಿ ಮೇಲೆ ಇನ್ನೂ ಕತ್ತಲೆ. ವಾಟ್ಸಾಪಿನಲ್ಲಿ ಟೀ ಅಂಗಡಿಯವನು ಏನೂ ಹಾಕಿಲ್ಲ. ಕೆಳಗಿನ ಬೀದಿಯಿಂದ ಅಜ್ಜಿ “ಬಂತಾ ಮೇಷ್ಟ್ರೇ?” ಅಂತ ಎರಡು ಸಲ ಕೂಗಿದರು. ಮೊಮ್ಮಗ ಅದರಲ್ಲೇ ಬರಬೇಕು. ಇವತ್ತಿನ ಚೌಕದಲ್ಲಿ ಹಾಲು ಬರೆದಾಗಿದೆ. ಕೆಳಗೆ ಖಾಲಿ ಬಿಟ್ಟಿದ್ದೇನೆ.